ಲಸಿಕೆಯ ಸರದಿ: ಸಿಡುಬಿನ ಕಾಲದಿಂದ ಕೊರೋನಾವರೆಗೆ

ಉರ್ದುವಿನಲ್ಲಿ ಲಸಿಕೆಗೆ 'ಟೀಕಾ' ಎನ್ನುತ್ತೇವೆ. ಕನ್ನಡದಲ್ಲಿ 'ಟೀಕೆ' ಎಂದರೆ ತಪ್ಪು ಎತ್ತಿ ಆಡುವುದು. ಎರಡೂ ಭಾಷೆಗಳನ್ನು ಕಲಿಸುವ ನನ್ನಂತಹವರಿಗೆ 2021ರಲ್ಲಿ ಇವೆರಡೂ ಜೊತೆಯಾಗಿಯೇ ಓಣಿಗೆ ಬಂದಂತೆ ಕಂಡಿತು. ಆ ದಿನಗಳ ಬಗ್ಗೆ ಮಾತನಾಡಿದವರು ಬಹುತೇಕ ಒಂದೇ ವಿಷಯ ಹಿಡಿದರು: ಜನ ಹೆದರಿದರು, ವದಂತಿ ನಂಬಿದರು, ಅದರಲ್ಲೂ ನಮ್ಮವರು ಹಿಂದೆ ಸರಿದರು. ಹೆದರಿಕೆ ಇದ್ದದ್ದು ಸುಳ್ಳಲ್ಲ. ಆದರೆ ಲಸಿಕೆಯ ಇತಿಹಾಸವನ್ನು ತಿರುವಿ ನೋಡಿದರೆ ಇನ್ನೊಂದು ಪ್ರಶ್ನೆ ಅಷ್ಟೇ ಮುಖ್ಯವಾಗಿ ಎದುರಾಗುತ್ತದೆ. ಯಾರಿಗೆ ಮೊದಲು, ಯಾರಿಗೆ ಆಮೇಲೆ, ಯಾವ ಕಾಗದ ತೋರಿಸಿದರೆ ಸಿಗುತ್ತದೆ ಎಂಬ ಪ್ರಶ್ನೆ ಅದು.

ಸಿಡುಬನ್ನೂ ದಡಾರವನ್ನೂ ಬೇರೆ ಬೇರೆ ರೋಗಗಳೆಂದು ವಿವರವಾಗಿ ಬರೆದಿಟ್ಟವರಲ್ಲಿ ಹತ್ತನೆಯ ಶತಮಾನದ ಹಕೀಮ್ ಅಬೂಬಕರ್ ರಾಝಿ ಮೊದಲಿಗರು. ಅದಕ್ಕೆ ಲಸಿಕೆ ಸಿದ್ಧವಾದದ್ದು 1796ರಲ್ಲಿ, ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಅವರಿಂದ. ಆ ಲಸಿಕೆ ಹಿಂದೂಸ್ತಾನಕ್ಕೆ ಬಂದ ದಾರಿ ನಮ್ಮ ಓದುಗರಿಗೆ ಕುತೂಹಲ ಹುಟ್ಟಿಸುವಂಥದ್ದು. ವಿಯೆನ್ನಾದಿಂದ ಇಸ್ತಾಂಬುಲ್, ಬಗ್ದಾದ್, ಬಸ್ರಾ ಹಾದು ಹಡಗಿನಲ್ಲಿ ಅದು ಮುಂಬಯಿ ತಲುಪಿತು. 1802ರ ಜೂನ್ 14ರಂದು ಅಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಅದನ್ನು ಹಾಕಲಾಯಿತು. ಶೀತಲ ಪೆಟ್ಟಿಗೆ ಇಲ್ಲದ ಕಾಲವದು. ಒಂದು ಮಗುವಿನ ತೋಳಿನ ಗುಳ್ಳೆಯಿಂದ ದ್ರವ ತೆಗೆದು ಇನ್ನೊಂದು ಮಗುವಿಗೆ ಹಾಕುತ್ತ ಲಸಿಕೆಯನ್ನು ಊರಿಂದ ಊರಿಗೆ ಜೀವಂತವಾಗಿ ಸಾಗಿಸಬೇಕಿತ್ತು. ಆಗ ಬಳ್ಳಾರಿ ಸೀಮೆ 1800ರಲ್ಲಿ ನಿಜಾಮರು ಕಂಪನಿಗೆ ಬಿಟ್ಟುಕೊಟ್ಟ ಜಿಲ್ಲೆಗಳಲ್ಲಿ ಸೇರಿ ಮದರಾಸಿನ ಆಡಳಿತಕ್ಕೆ ಒಳಪಟ್ಟಿತ್ತು. 1953ರವರೆಗೂ ಹಾಗೆಯೇ ಇತ್ತು. 1880ರ ಲಸಿಕೆ ಕಾಯ್ದೆ ಬಂದಾಗ ಕೆಲವು ಪುರಸಭೆ ಮತ್ತು ದಂಡು ಪ್ರದೇಶಗಳ ಮಕ್ಕಳಿಗೆ ದಾಕು ಹಾಕಿಸುವುದನ್ನು ಕಡ್ಡಾಯಗೊಳಿಸಲು ಅವಕಾಶವಾಯಿತು. ಹಳ್ಳಿಗಳು ಅದರ ಹೊರಗೇ ಉಳಿದವು.

ನಂತರ ಪ್ಲೇಗ್ ಬಂತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ಮಾರಿಗೆ ವಾಲ್ಡೆಮಾರ್ ಹಾಫ್‌ಕಿನ್ ಅಲ್ಲಿಯೇ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಕೊಂಡರು. ಜನ ಹಿಂಜರಿದಾಗ ಮೂರನೆಯ ಆಗಾಖಾನ್ ಸುಲ್ತಾನ್ ಮುಹಮ್ಮದ್ ಶಾಹ್ ಅವರು ಎಲ್ಲರೆದುರು ಲಸಿಕೆ ಹಾಕಿಸಿಕೊಂಡದ್ದಲ್ಲದೆ, ತಮ್ಮ ಬಂಗಲೆಯನ್ನೇ ಪ್ರಯೋಗಾಲಯಕ್ಕೆ ಬಿಟ್ಟುಕೊಟ್ಟರು. ಬಳ್ಳಾರಿಯಿಂದ ನೇರ ರೈಲು ಹಾದಿಯಿರುವ ಹುಬ್ಬಳ್ಳಿಯಲ್ಲಿ 1898ರಲ್ಲಿ ಮೂವತ್ತೈದು ಸಾವಿರಕ್ಕೂ ಹೆಚ್ಚು ಮಂದಿ ಈ ಲಸಿಕೆ ಪಡೆದರು. ಹೆದರಿಕೆ ಅವರಿಗೆ ಇರಲಿಲ್ಲವೇ? ಇತ್ತು. ಆದರೆ ಲಸಿಕೆಯ ಪ್ರಮಾಣಪತ್ರ ಇದ್ದವರಿಗೆ ಪ್ರಯಾಣದ ತಡೆ, ಪ್ರತ್ಯೇಕ ಶಿಬಿರಗಳಿಂದ ವಿನಾಯಿತಿ ಸಿಗುತ್ತಿತ್ತು. ಕಾಗದ ಹಿಡಿದು ಓಡಾಡುವ ಪದ್ಧತಿ ಕೊರೋನಾದೊಂದಿಗೆ ಹುಟ್ಟಿದ್ದಲ್ಲ. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ 2020ರಲ್ಲಿ ಮತ್ತೆ ಹೊರತೆಗೆಯಲಾಯಿತು ಎಂಬುದೂ ಗಮನಾರ್ಹ.

ಇನ್ನು ನಮ್ಮ ಕಾಲಕ್ಕೆ ಬರೋಣ. ದೇಶದ ಮೊದಲ ಕೊರೋನಾ ಸಾವು 2020ರ ಮಾರ್ಚ್ 10ರಂದು ನಮ್ಮ ಕಲ್ಯಾಣ ಕರ್ನಾಟಕದ ಕಲಬುರಗಿಯಲ್ಲೇ ಸಂಭವಿಸಿತು. ಅದೇ ವರ್ಷದ ಜೂನ್ ಕೊನೆಗೆ ಬಳ್ಳಾರಿಯಲ್ಲಿ ಶವಗಳನ್ನು ಗುಂಡಿಗೆ ಎಸೆದ ದೃಶ್ಯವನ್ನು ಇಡೀ ದೇಶ ನೋಡಿತು. ಮಯ್ಯಿತ್‌ಗೆ ಗುಸ್ಲ್, ಕಫನ್ ಕೂಡ ಇಲ್ಲದೆ ಹೋಗಬಹುದೆಂಬ ಭಯ ಆಸ್ಪತ್ರೆಯ ಬಾಗಿಲಿನಿಂದಲೇ ಜನರನ್ನು ಹಿಂದಕ್ಕೆ ತಳ್ಳಿತು. ಲಸಿಕೆಯ ಬಗೆಗಿನ ಅಂಜಿಕೆಯನ್ನು ಅಳೆಯುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಲಸಿಕೆ 2021ರ ಜನವರಿ 16ರಂದು ಆರಂಭವಾಯಿತು. ಮೊದಲು ಆರೋಗ್ಯ ಸಿಬ್ಬಂದಿಗೆ, ಫೆಬ್ರವರಿಯಲ್ಲಿ ಪೊಲೀಸರಂತಹ ಮುಂಚೂಣಿ ನೌಕರರಿಗೆ, ಮಾರ್ಚ್ 1ರಿಂದ 60 ದಾಟಿದವರಿಗೆ ಮತ್ತು ನಿಗದಿತ ಕಾಯಿಲೆಗಳಿರುವ 45ರಿಂದ 59ರವರಿಗೆ, ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ ಸರದಿ ಬಂತು. ಇಲ್ಲಿಯವರೆಗೆ ಈ ಕ್ರಮದಲ್ಲಿ ನ್ಯಾಯವಿತ್ತು ಎಂದೇ ನನ್ನ ಅಭಿಪ್ರಾಯ. ಸಾಯುವ ಅಪಾಯ ಹೆಚ್ಚಿದ್ದವರು ವೃದ್ಧರೇ. ತೊಡಕು ಶುರುವಾದದ್ದು ಮೇ ತಿಂಗಳಿನಲ್ಲಿ.

ಮೇ 1ರಿಂದ 18ರಿಂದ 44ರವರೂ ಅರ್ಹರೆಂದು ಕೇಂದ್ರ ಸಾರಿತು. ಆದರೆ ಅವರು ಕೋವಿನ್ ಜಾಲತಾಣದಲ್ಲಿ ಮುಂಚೆಯೇ ಹೆಸರು ಬರೆಸಿ ಸಮಯ ಗೊತ್ತುಮಾಡಿಕೊಳ್ಳಬೇಕಿತ್ತು. ಒಂದು ಮೊಬೈಲ್ ಸಂಖ್ಯೆಗೆ ನಾಲ್ಕೇ ಹೆಸರು. ಎಂಟು ಮಂದಿಯ ಮನೆಯಲ್ಲಿ ಒಂದೇ ಮೊಬೈಲ್ ಇದ್ದರೆ ಉಳಿದ ನಾಲ್ವರು ಯಾರದ್ದೋ ಸಂಖ್ಯೆ ಬೇಡಬೇಕು. ಜಾಲತಾಣದ ಭಾಷೆ ಇಂಗ್ಲಿಷ್. ಜೂನ್ ಮೊದಲ ವಾರದಲ್ಲಿ ಕನ್ನಡ ಸೇರಿದಂತೆ ಕೆಲವು ಭಾಷೆಗಳು ಬಂದವು, ಆ ಪಟ್ಟಿಯಲ್ಲಿ ಉರ್ದು ಇರಲಿಲ್ಲ. ಬೆಂಗಳೂರಿನ ವಿದ್ಯಾವಂತ ಯುವಕರು ಅಕ್ಕಪಕ್ಕದ ಜಿಲ್ಲೆಗಳ ಹಳ್ಳಿ ಕೇಂದ್ರಗಳಲ್ಲಿ ಸಮಯ ಕಾದಿರಿಸಿ ಕಾರಿನಲ್ಲಿ ಹೋಗಿ ಬಂದರು. ಕೌಲ್‌ಬಜಾರಿನಲ್ಲಿ ಜೀನ್ಸ್ ಹೊಲಿಯುವ ಹುಡುಗನಿಗೂ ಸಿರುಗುಪ್ಪದ ಗದ್ದೆಯಲ್ಲಿ ಭತ್ತ ನಾಟಿ ಮಾಡುವ ಹೆಣ್ಣುಮಗಳಿಗೂ ಆ ಓಟದಲ್ಲಿ ಸ್ಥಾನ ಎಲ್ಲಿಯದು?

ಅದು ರಮಝಾನ್ ತಿಂಗಳೂ ಹೌದು. ಚುಚ್ಚುಮದ್ದಿನಿಂದ ರೋಝಾ ಮುರಿಯುವುದಿಲ್ಲವೆಂದು ಸೌದಿ ಅರೇಬಿಯಾದ ಮುಫ್ತಿಯವರೂ ನಮ್ಮ ದೇಶದ ಹಲವು ಉಲಮಾಗಳೂ ಮುಂಚಿತವಾಗಿಯೇ ತಿಳಿಸಿದ್ದರು. ಆ ಮಟ್ಟಿಗೆ ದೀನ್ ಅಡ್ಡಿಯಾಗಿರಲಿಲ್ಲ. ಅಡ್ಡಿಯಾದದ್ದು ದಾಸ್ತಾನು. ಕರ್ನಾಟಕದಲ್ಲಿ 18ರಿಂದ 44ರವರಿಗೆ ಮೇ 10ರಂದು ಶುರುವಾದ ಲಸಿಕೆ ಕೊರತೆಯಿಂದಾಗಿ ಮೇ 14ರಿಂದ ನಿಂತಿತು. ಅಂದು ಈದುಲ್ ಫಿತ್ರ್. ಲಾಕ್‌ಡೌನಿನಿಂದ ಈದ್ಗಾಹ್ ಖಾಲಿ, ಲಸಿಕೆ ಕೇಂದ್ರವೂ ಖಾಲಿ.

ಆ ಬಳಿಕ ರಾಜ್ಯ ಸರಕಾರ ಆದ್ಯತೆಯ ಗುಂಪುಗಳ ಉದ್ದನೆಯ ಪಟ್ಟಿ ಹೊರಡಿಸಿತು. ಆಟೋ ಚಾಲಕರು, ಬೀದಿ ವ್ಯಾಪಾರಿಗಳು, ಕಟ್ಟಡ ಕಾರ್ಮಿಕರು, ಎಪಿಎಂಸಿ ಕೆಲಸಗಾರರು, ಕೋವಿಡ್ ಕರ್ತವ್ಯದ ಶಿಕ್ಷಕರು ಮುಂತಾದವರು ಅದರಲ್ಲಿದ್ದರು. ಒಳ್ಳೆಯ ಪಟ್ಟಿಯೇ. ಆದರೆ ತಾನು ಆ ಗುಂಪಿಗೆ ಸೇರಿದವನೆಂದು ತೋರಿಸಲು ಪ್ರಮಾಣಪತ್ರ ಬೇಕು. ದಿನಗೂಲಿಯವನಿಗೆ ಅದನ್ನು ಬರೆದುಕೊಡುವವರು ಯಾರು?

ಖಾಸಗಿ ಆಸ್ಪತ್ರೆಯ ಬಾಗಿಲು ತೆರೆದಿತ್ತು. ಜೂನ್‌ನಲ್ಲಿ ಅಲ್ಲಿ ಕೋವಿಶೀಲ್ಡ್‌ಗೆ ಗರಿಷ್ಠ ದರ 780 ರೂಪಾಯಿ, ಕೋವ್ಯಾಕ್ಸಿನ್‌ಗೆ 1410. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನದ ಕೂಲಿ 289. ಅಂದರೆ ಒಂದು ಡೋಸಿಗೆ ಎರಡೂವರೆ ದಿನಕ್ಕಿಂತ ಹೆಚ್ಚಿನ ದುಡಿಮೆ. ಸುಪ್ರೀಂ ಕೋರ್ಟ್ ಮೇ 31ರ ಆದೇಶದಲ್ಲಿ, 45 ದಾಟಿದವರಿಗೆ ಉಚಿತವಾಗಿ ಕೊಟ್ಟು ಕಿರಿಯರಿಗೆ ಹಣದ ಪದ್ಧತಿ ತರುವುದು ಮೇಲ್ನೋಟಕ್ಕೆ ಮನಸೋಇಚ್ಛೆಯ, ತರ್ಕವಿಲ್ಲದ ನೀತಿ ಎಂದಿತು. ಮೊಬೈಲ್, ಅಂತರ್ಜಾಲ ಇಲ್ಲದವರ ಗತಿಯೇನೆಂದೂ ಕೇಳಿತು. ಜೂನ್ 21ರಿಂದ 18 ದಾಟಿದ ಎಲ್ಲರಿಗೂ ಸರಕಾರಿ ಕೇಂದ್ರಗಳಲ್ಲಿ ಕೇಂದ್ರವೇ ಉಚಿತ ಲಸಿಕೆ ಒದಗಿಸಿತು. ಅದಕ್ಕೂ ಮೊದಲೇ ನೇರವಾಗಿ ಬಂದವರ ಹೆಸರು ಬರೆದುಕೊಳ್ಳಲು ಅನುಮತಿ ದೊರೆತಿತ್ತು. ಗುರುತಿನ ಚೀಟಿಯೇ ಇಲ್ಲದ ಅಲೆಮಾರಿಗಳು, ಭಿಕ್ಷುಕರು, ಕೈದಿಗಳಿಗೆ ಮೇ 6ರಂದೇ ಪ್ರತ್ಯೇಕ ಕ್ರಮ ಗೊತ್ತುಪಡಿಸಲಾಗಿತ್ತು. ಗರ್ಭಿಣಿಯರಿಗೆ ಜುಲೈ 2ರಂದು ಅನುಮತಿ ಸಿಕ್ಕಿತು.

ಹಳ್ಳಿಯಲ್ಲಿ ಬೇರೆಯೇ ತೊಡಕು. ಕೋವಿಶೀಲ್ಡಿನ ಒಂದು ಬಾಟಲಿಯಲ್ಲಿ ಹತ್ತು ಡೋಸ್, ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಕುರುಗೋಡಿನ ಸುತ್ತಲಿನ ಒಂದು ಸಣ್ಣ ಊರಿನಲ್ಲಿ ಮೆಣಸಿನಕಾಯಿ, ಹತ್ತಿಯ ಹೊಲಕ್ಕೆ ಹೋದವರು ಸಂಜೆ ಬರುವವರೆಗೆ ಹತ್ತು ಜನ ಕೂಡುವುದು ಕಷ್ಟ. ಇದನ್ನು ಬಿಡಿಸಿದ್ದು ಜಾಲತಾಣವಲ್ಲ. ಆಶಾ ಕಾರ್ಯಕರ್ತೆಯರು, ದಾದಿಯರು ಮನೆ ಬಾಗಿಲಿಗೆ ನಡೆದು ಹೋದದ್ದು. 2021ರ ನವೆಂಬರ್‌ನಲ್ಲಿ ದೇಶದಾದ್ಯಂತ 'ಹರ್ ಘರ್ ದಸ್ತಕ್' ಎಂಬ ಹೆಸರಿನಲ್ಲಿ ಮನೆ ಮನೆ ಲಸಿಕೆ ನಡೆಯಿತು. ದಸ್ತಕ್ ಎಂದರೆ ಬಾಗಿಲು ತಟ್ಟುವುದು. 1995ರಿಂದ ಪಲ್ಸ್ ಪೋಲಿಯೋಗಾಗಿ ಇದೇ ಬಾಗಿಲುಗಳನ್ನು ತಟ್ಟಿಯೇ 2014ರಲ್ಲಿ ದೇಶ ಪೋಲಿಯೋ ಮುಕ್ತವೆಂದು ಘೋಷಿತವಾಗಿತ್ತು. ಗೊತ್ತಿದ್ದ ದಾರಿಗೆ ಹತ್ತು ತಿಂಗಳು ತಡವಾಗಿ ಮರಳಿದೆವು.

ಕೊನೆಗೆ ಶಾಲೆಯ ಮಾತು. 2022ರ ಜನವರಿ 3ರಿಂದ 15ರಿಂದ 18ರ ಮಕ್ಕಳಿಗೆ ಕೋವ್ಯಾಕ್ಸಿನ್ ಆರಂಭವಾಯಿತು. 2007ರಲ್ಲಿ ಅಥವಾ ಅದಕ್ಕೂ ಮೊದಲು ಹುಟ್ಟಿದವರು ಅರ್ಹರು. ನಮ್ಮ ದಾಖಲಾತಿ ಪುಸ್ತಕಗಳನ್ನು ಬಲ್ಲವರಿಗೆ ಇದರ ಸೂಕ್ಷ್ಮ ತಿಳಿಯುತ್ತದೆ. ಎಷ್ಟೋ ಮಕ್ಕಳಿಗೆ ಜೂನ್ 1 ಎಂಬ ಒಂದೇ ಜನ್ಮದಿನ. ಒಂದನೇ ತರಗತಿಗೆ ಸೇರಿಸುವಾಗ ಯಾರೋ ಅಂದಾಜಿನಿಂದ ಬರೆದ ವರ್ಷ. ಆ ಅಂದಾಜಿನ ಮೇಲೆಯೇ ಒಂದೇ ಬೆಂಚಿನ ಇಬ್ಬರಲ್ಲಿ ಒಬ್ಬನಿಗೆ ಸೂಜಿ ಬಿತ್ತು, ಇನ್ನೊಬ್ಬ ಕಾದ. ಮಾರ್ಚ್ 16ರಿಂದ 12ರಿಂದ 14ರವರಿಗೆ ಕಾರ್ಬೆವ್ಯಾಕ್ಸ್ ಬಂತು. ಅವರಿಗಿಂತ ಚಿಕ್ಕವರಿಗೆ, ಅಂದರೆ ನಮ್ಮ ಕಿರಿಯ ಪ್ರಾಥಮಿಕ ತರಗತಿಗಳ ಮಕ್ಕಳಿಗೆ, ಸರಕಾರಿ ಕಾರ್ಯಕ್ರಮದಲ್ಲಿ ಸರದಿ ಬರಲೇ ಇಲ್ಲ.