ಎಳೆ ಕಡಿದರೆ ನಿಲ್ಲುವ ಯಂತ್ರ: ಟೊಯೊಟಾ ಕಂಪನಿ ಹೆಸರು ಗಳಿಸಿದ ಬಗೆ

ಜಪಾನಿನ ಟೊಯೊಟಾ ಕಂಪನಿಯ ವಾಹನಗಳು ದಾರಿಯಲ್ಲಿ ಕೈಕೊಡುವುದಿಲ್ಲ ಎಂಬ ನಂಬಿಕೆ ಜಗತ್ತಿನ ಬಹುಪಾಲು ಮಾರುಕಟ್ಟೆಗಳಲ್ಲಿ ಇಂದು ಬೇರೂರಿದೆ. ಆದರೆ ಈ ಹೆಸರು ಕಂಪನಿಯ ಹುಟ್ಟಿನೊಂದಿಗೆ ಬಂದದ್ದಲ್ಲ. 1935ರಲ್ಲಿ ಹೊರಬಂದ ಅದರ ಮೊದಲ ಲಾರಿಗಳು ಮೇಲಿಂದ ಮೇಲೆ ಕೆಟ್ಟು ನಿಲ್ಲುತ್ತಿದ್ದವು. 1950ರಲ್ಲಿ ಕಂಪನಿಯೇ ದಿವಾಳಿಯ ಅಂಚಿಗೆ ಬಂದಿತ್ತು. ಅದಾಗಿ ಎಂಟು ವರ್ಷಗಳ ನಂತರ ಅಮೆರಿಕದಲ್ಲಿ ಮಾರಾಟಕ್ಕಿಟ್ಟ ಮೊದಲ ಕಾರು ಅಲ್ಲಿನ ಹೆದ್ದಾರಿಯ ವೇಗವನ್ನು ತಾಳಲಾರದೆ ಸೋತಿತ್ತು. ಇಂಥ ಆರಂಭವುಳ್ಳ ಕಂಪನಿಯೊಂದು ಬಾಳಿಕೆಗೆ ಹೆಸರಾದ ಬಗೆಯನ್ನು ತಿಳಿಯಬೇಕಾದರೆ ಮೋಟಾರು ಉದ್ಯಮಕ್ಕಿಂತ ಹಿಂದಕ್ಕೆ, ಹತ್ತಿ ಬಟ್ಟೆ ನೇಯುವ ಮಗ್ಗಗಳ ಕಾಲಕ್ಕೆ ಹೋಗಬೇಕಾಗುತ್ತದೆ.

ಕಂಪನಿಯ ಮೂಲಪುರುಷ ಸಕಿಚಿ ಟೊಯೊಡಾ 1867ರಲ್ಲಿ, ಇಂದಿನ ಶಿಜುಓಕಾ ಪ್ರಾಂತದ ಕೊಸಾಯ್ ಪಟ್ಟಣಕ್ಕೆ ಸೇರಿದ ಹಳ್ಳಿಯೊಂದರಲ್ಲಿ ಬಡಗಿಯ ಮಗನಾಗಿ ಹುಟ್ಟಿದರು. ಜಪಾನ್ ಸರ್ಕಾರ 1885ರಲ್ಲಿ ಪೇಟೆಂಟ್ ಶಾಸನವನ್ನು, ಅಂದರೆ ಹೊಸ ಯಂತ್ರವನ್ನು ಕಂಡುಹಿಡಿದವನಿಗೆ ಅದರ ಮೇಲೆ ನಿರ್ದಿಷ್ಟ ಕಾಲದವರೆಗೆ ಒಡೆತನ ಕೊಡುವ ಕಾನೂನನ್ನು, ಜಾರಿಗೆ ತಂದದ್ದು ಈ ಯುವಕನಿಗೆ ಪ್ರೇರಣೆಯಾಯಿತು. 1891ರಲ್ಲಿ ಮರದ ಕೈಮಗ್ಗವೊಂದಕ್ಕೆ ಅವರು ಮೊದಲ ಪೇಟೆಂಟ್ ಪಡೆದರು. ಅದೇ ಸೀಮೆಯ ಹಮಾಮತ್ಸುವಿನಲ್ಲಿ 1909ರಲ್ಲಿ ಮಿಚಿಯೊ ಸುಜುಕಿ ಎಂಬ ಮತ್ತೊಬ್ಬ ಕುಶಲಿ ಮಗ್ಗದ ಕಾರ್ಖಾನೆ ತೆರೆದರೆಂಬುದನ್ನೂ, ಅದು ಮುಂದೆ ಸುಜುಕಿ ಕಾರು ಕಂಪನಿಯಾಯಿತೆಂಬುದನ್ನೂ ನೆನೆದರೆ, ಜಪಾನಿನ ಮೋಟಾರು ಉದ್ಯಮಕ್ಕೆ ನೇಕಾರಿಕೆಯ ಸೀಮೆ ತೊಟ್ಟಿಲಾದದ್ದು ಆಕಸ್ಮಿಕವೆನಿಸುವುದಿಲ್ಲ. ಕಬ್ಬಿಣವನ್ನು ಎರಕ ಹೊಯ್ಯುವ, ಸಣ್ಣ ಬಿಡಿಭಾಗಗಳನ್ನು ಕರಾರುವಾಕ್ಕಾಗಿ ಕಡೆಯುವ ಕೈಗಳು ಅಲ್ಲಿ ಆಗಲೇ ಪಳಗಿದ್ದವು.

ಸಕಿಚಿಯವರ ಸಾಧನೆಯ ತುದಿ 1924ರ ಸ್ವಯಂಚಾಲಿತ ಮಗ್ಗ, ಅವರ ಕಂಪನಿ ‘ಜಿ’ ಮಾದರಿಯೆಂದು ಕರೆದದ್ದು. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸಿನ ನೂಲುಗಳ ನಡುವೆ ಲಾಳಿಯು ಹೊಕ್ಕಿನ ನೂಲನ್ನು ಅಡ್ಡಡ್ಡಲಾಗಿ ಎಳೆದೊಯ್ಯುತ್ತದೆ. ಹಾಸಿನ ಒಂದೇ ಒಂದು ಎಳೆ ಕಡಿದು, ಅದನ್ನು ಯಾರೂ ಗಮನಿಸದೆ ಯಂತ್ರ ಓಡುತ್ತಲೇ ಇದ್ದರೆ ಗಜಗಟ್ಟಲೆ ಬಟ್ಟೆ ಹಾಳಾಗುತ್ತದೆ. ಈ ಕಾರಣಕ್ಕೇ ಹಳೆಯ ಯಂತ್ರಮಗ್ಗಗಳ ಮುಂದೆ ಒಬ್ಬ ನೇಕಾರ ಕಣ್ಣು ನೆಟ್ಟು ನಿಲ್ಲಬೇಕಾಗಿತ್ತು. ಹಾಸಿನ ಪ್ರತಿ ಎಳೆಗೂ ತೆಳುವಾದ ಲೋಹದ ಪಟ್ಟಿಯೊಂದನ್ನು ತೂಗುಹಾಕಿ, ಎಳೆ ಕಡಿದಾಗ ಆಧಾರ ತಪ್ಪಿದ ಪಟ್ಟಿ ಕೆಳಗೆ ಬಿದ್ದು ಯಂತ್ರವನ್ನು ತಡೆಯುವಂತೆ ಮಾಡುವ ಬಗೆಯ ಏರ್ಪಾಡು ಈ ಮಗ್ಗದಲ್ಲಿತ್ತು. ಜೊತೆಗೆ ಲಾಳಿಯ ನೂಲು ಮುಗಿಯುತ್ತ ಬಂದಾಗ ವೇಗ ತಗ್ಗಿಸದೆಯೇ ಹೊಸ ಲಾಳಿ ತಾನಾಗಿ ಒಳಸೇರುತ್ತಿತ್ತು. ಒಬ್ಬ ಕೆಲಸಗಾರ ಹತ್ತಾರು ಮಗ್ಗಗಳನ್ನು ನೋಡಿಕೊಳ್ಳುವುದು ಇದರಿಂದ ಸಾಧ್ಯವಾಯಿತು. ತಪ್ಪನ್ನು ಯಂತ್ರವೇ ಗುರುತಿಸಿ ನಿಲ್ಲುವ ಈ ಗುಣವನ್ನು ಕಂಪನಿ ಮುಂದೆ ‘ಜಿದೋಕಾ’ ಎಂಬ ಹೆಸರಿನಿಂದ ತನ್ನ ಕಾರು ತಯಾರಿಕೆಯ ಎರಡು ಕಂಬಗಳಲ್ಲಿ ಒಂದೆಂದು ಸಾರಿತು. ಜವಳಿ ಯಂತ್ರಗಳಿಗೆ ಜಗತ್ತಿಗೇ ಹೆಸರಾಗಿದ್ದ ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನ ಪ್ಲಾಟ್ ಬ್ರದರ್ಸ್ ಕಂಪನಿ 1929ರಲ್ಲಿ ಈ ಮಗ್ಗದ ಹಕ್ಕನ್ನು 1 ಲಕ್ಷ ಪೌಂಡಿಗೆ ಕೊಳ್ಳಲು ಒಪ್ಪಿತು. ಆ ಹಣದಿಂದಲೇ ಕಾರಿನ ಕಂಪನಿ ಹುಟ್ಟಿತೆಂಬ ಕಥೆ ಬಹಳ ಪ್ರಚಾರದಲ್ಲಿದೆಯಾದರೂ ಅದು ಸರಳೀಕರಣವೇ ಸರಿ. ಮೋಟಾರು ಪ್ರಯೋಗದ ಭಾರವನ್ನು ವರ್ಷಗಟ್ಟಲೆ ಹೊತ್ತದ್ದು ಕರಿಯಾ ಪಟ್ಟಣದ ಮಗ್ಗದ ಕಾರ್ಖಾನೆ.

ಸಕಿಚಿ 1930ರಲ್ಲಿ ತೀರಿಕೊಂಡರು. ಟೋಕಿಯೊದ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ್ದ ಮಗ ಕಿಚಿರೊ ಟೊಯೊಡಾ 1933ರಲ್ಲಿ ಮಗ್ಗದ ಕಂಪನಿಯೊಳಗೇ ಮೋಟಾರು ವಿಭಾಗವನ್ನು ತೆರೆದರು. ಆ ಹೊತ್ತಿಗೆ ಫೋರ್ಡ್ ಯೊಕೊಹಾಮಾದಲ್ಲಿಯೂ ಜನರಲ್ ಮೋಟಾರ್ಸ್ ಒಸಾಕಾದಲ್ಲಿಯೂ ಜೋಡಣಾ ಕಾರ್ಖಾನೆಗಳನ್ನು ನಡೆಸುತ್ತ ಜಪಾನಿನ ಮಾರುಕಟ್ಟೆಯನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹಿಡಿದುಕೊಂಡಿದ್ದವು. 1936ರಲ್ಲಿ ಸೇನೆಯ ಒತ್ತಾಸೆಯಿಂದ ಬಂದ ಮೋಟಾರು ತಯಾರಿಕಾ ಕಾಯಿದೆ ಈ ವಿದೇಶಿ ಕಂಪನಿಗಳ ಕೈ ಕಟ್ಟಿ ದೇಶೀಯ ತಯಾರಕರಿಗೆ ರಕ್ಷಣೆ ಕೊಟ್ಟಿತು. 1937ರ ಆಗಸ್ಟಿನಲ್ಲಿ ಟೊಯೊಟಾ ಮೋಟಾರು ಕಂಪನಿ ಪ್ರತ್ಯೇಕವಾಗಿ ಸ್ಥಾಪನೆಯಾಯಿತು. ಸ್ವಂತ ಪ್ರಯತ್ನದಿಂದ ಮೇಲೆ ಬಂದ ಕಂಪನಿಯೆಂಬ ಕಥನದಲ್ಲಿ ಈ ಕಾಯಿದೆಯ ಪಾತ್ರ ಮಸುಕಾಗುವುದುಂಟು. ಆದರೆ ಕೆಟ್ಟು ನಿಲ್ಲುವ ಲಾರಿಗಳನ್ನು ತಿದ್ದಿಕೊಳ್ಳಲು ಬೇಕಾದ ಬಿಡುವನ್ನು ಕಂಪನಿಗೆ ಒದಗಿಸಿದ್ದು ಈ ರಕ್ಷಣೆ ಮತ್ತು ಸೇನೆಯ ಖರೀದಿ. 1938ರಲ್ಲಿ ಕೊರೊಮೊ ಎಂಬ ಊರಿನಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. 1959ರಲ್ಲಿ ಊರು ತನ್ನ ಹೆಸರನ್ನೇ ಬಿಟ್ಟು ಟೊಯೊಟಾ ನಗರವಾಯಿತು.

ಯುದ್ಧಾನಂತರದ ಹಣದುಬ್ಬರವನ್ನು ತಡೆಯಲು 1949ರಲ್ಲಿ ಜಪಾನಿನಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಆಡಳಿತ ಹೇರಿದ ಬಿಗಿ ಆರ್ಥಿಕ ನೀತಿಯಿಂದ ಸಾಲ ದುರ್ಲಭವಾಗಿ, ಮಾರಿದ ಲಾರಿಗಳ ಹಣ ವಸೂಲಾಗದೆ, ಕಂಪನಿ ಸಂಬಳ ಕೊಡುವುದಕ್ಕೂ ತಿಣುಕಾಡಿತು. ಮರುವರ್ಷ ದೀರ್ಘ ಮುಷ್ಕರ ನಡೆಯಿತು. ಕೆಲಸಗಾರರನ್ನು ತೆಗೆಯುವುದಿಲ್ಲವೆಂದು ಮಾತು ಕೊಟ್ಟಿದ್ದ ಕಿಚಿರೊ, ಸುಮಾರು 1,600 ಮಂದಿ ಹೊರಹೋಗಬೇಕಾಗಿ ಬಂದಾಗ ತಾವೂ ರಾಜೀನಾಮೆಯಿತ್ತರು. ಅದೇ ವರ್ಷದ ಜೂನ್ ತಿಂಗಳಿನಲ್ಲಿ ಕೊರಿಯಾ ಯುದ್ಧ ಆರಂಭವಾಗಿ, ಅಮೆರಿಕದ ಸೇನೆಯಿಂದ ಬಂದ ಲಾರಿಗಳ ಬೇಡಿಕೆ ಕಂಪನಿಯನ್ನು ಉಳಿಸಿತು. 1952ರಲ್ಲಿ ತೀರಿಕೊಂಡ ಕಿಚಿರೊ ತಮ್ಮ ಕಂಪನಿಯ ಏಳಿಗೆಯನ್ನು ಕಾಣಲಿಲ್ಲ. ಕೈಯಲ್ಲಿ ಹಣವಿಲ್ಲದಿದ್ದರೂ ಗೋದಾಮಿನಲ್ಲಿ ಮಾಲು ತುಂಬಿರುವುದು ಎಂಥ ಅಪಾಯವೆಂಬ ಪಾಠವನ್ನು ಮಾತ್ರ 1950ರ ಬಿಕ್ಕಟ್ಟು ಕಂಪನಿಗೆ ಮರೆಯದಂತೆ ಕಲಿಸಿತು.

ಆ ಪಾಠವನ್ನು ಕೆಲಸದ ಪದ್ಧತಿಯಾಗಿ ರೂಪಿಸಿದವರು ತಾಯಿಚಿ ಓನೊ. ಅವರು ಕೂಡ ಮೂಲತಃ ಟೊಯೊಡಾ ನೂಲಿನ ಗಿರಣಿಯವರು; 1932ರಲ್ಲಿ ಅಲ್ಲಿ ಸೇರಿ 1943ರಲ್ಲಿ ಮೋಟಾರು ಕಾರ್ಖಾನೆಗೆ ಬಂದವರು. ಡೆಟ್ರಾಯಿಟ್‌ನ ಕಾರ್ಖಾನೆಗಳು ಒಂದೇ ಬಗೆಯ ಭಾಗಗಳನ್ನು ರಾಶಿರಾಶಿಯಾಗಿ ತಯಾರಿಸಿ ದಾಸ್ತಾನಿಡುತ್ತಿದ್ದವು. ಜಪಾನಿನ ಚಿಕ್ಕ ಮಾರುಕಟ್ಟೆಗೆ ಹಲವು ಬಗೆಯ ವಾಹನಗಳು ಕೆಲವೇ ಸಂಖ್ಯೆಯಲ್ಲಿ ಬೇಕಾಗಿದ್ದವು. ಅಮೆರಿಕದ ಸೂಪರ್‌ಮಾರ್ಕೆಟ್‌ನಲ್ಲಿ ಗಿರಾಕಿ ತೆಗೆದುಕೊಂಡಷ್ಟನ್ನು ಮಾತ್ರ ಮತ್ತೆ ಕಪಾಟಿಗೆ ತುಂಬುವ ಕ್ರಮವನ್ನು ಓನೊ ಕಾರ್ಖಾನೆಗೆ ಹೊಂದಿಸಿದರು. ಭಾಗಗಳಿರುವ ಪ್ರತಿ ಪೆಟ್ಟಿಗೆಯ ಜೊತೆಗೂ ಒಂದು ಚೀಟಿ; ಅದೇ ‘ಕಾನ್‌ಬಾನ್’. ಭಾಗದ ಸಂಖ್ಯೆ, ಪೆಟ್ಟಿಗೆಯಲ್ಲಿ ಎಷ್ಟಿವೆ, ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು ಎಂಬಿಷ್ಟು ವಿವರ ಅದರ ಮೇಲಿರುತ್ತದೆ. ಜೋಡಿಸುವವನು ಪೆಟ್ಟಿಗೆಯಿಂದ ಮೊದಲ ಭಾಗವನ್ನು ಎತ್ತಿಕೊಂಡಾಗ ಚೀಟಿಯನ್ನು ಬಿಡಿಸಿ ಡಬ್ಬಿಗೆ ಹಾಕುತ್ತಾನೆ. ಸಾಗಿಸುವವನು ಆ ಚೀಟಿಗಳನ್ನು ಹಿಂದಿನ ವಿಭಾಗಕ್ಕೆ ಒಯ್ದು ಅಷ್ಟೇ ಪೆಟ್ಟಿಗೆಗಳನ್ನು ತರುತ್ತಾನೆ. ಒಯ್ದಷ್ಟನ್ನು ಮಾತ್ರ ಆ ವಿಭಾಗ ಮತ್ತೆ ತಯಾರಿಸುತ್ತದೆ. ಚೀಟಿ ಬಾರದೆ ಯಾರೂ ಏನನ್ನೂ ತಯಾರಿಸುವಂತಿಲ್ಲ. ಒಂದೊಂದು ಬಗೆಯ ಭಾಗವನ್ನೂ ಸ್ವಲ್ಪ ಸ್ವಲ್ಪವೇ ತಯಾರಿಸಬೇಕಾದರೆ ಒತ್ತುಯಂತ್ರಗಳ ಅಚ್ಚನ್ನು ಬೇಗ ಬೇಗ ಬದಲಿಸಬೇಕು. 1940ರ ದಶಕದಲ್ಲಿ 2-3 ಗಂಟೆ ಹಿಡಿಯುತ್ತಿದ್ದ ಈ ಕೆಲಸ 1970ರ ದಶಕದ ಆರಂಭಕ್ಕೆ 3 ನಿಮಿಷಕ್ಕೆ ಇಳಿದಿತ್ತು. ಕೇಳಲು ಸುಲಭವೆನಿಸುವ ಈ ಪದ್ಧತಿಯನ್ನು ಇಡೀ ಕಂಪನಿಗೆ ಹಬ್ಬಿಸಲು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ದಾಸ್ತಾನು ಇಲ್ಲದ ಕಡೆ ಕೆಟ್ಟ ಭಾಗವೊಂದು ಬಂದರೆ ಅದರ ಬದಲು ತೆಗೆದುಕೊಳ್ಳಲು ಇನ್ನೊಂದಿರುವುದಿಲ್ಲ. ಆದ್ದರಿಂದ ದೋಷವನ್ನು ಮುಚ್ಚಿಡುವುದು ಅಸಾಧ್ಯವಾಗುತ್ತದೆ. ಮಗ್ಗದ ಗುಣ ಕಾರಿನ ಜೋಡಣೆಗೆ ಬಂದು ಸೇರಿದ್ದು ಇಲ್ಲಿ. ಜೋಡಣಾ ಸಾಲಿನುದ್ದಕ್ಕೂ ಕಟ್ಟಿರುವ ಹಗ್ಗವನ್ನು ಯಾವ ಕೆಲಸಗಾರನಾದರೂ ಎಳೆಯಬಹುದು. ಎಳೆದೊಡನೆ ತಲೆಯ ಮೇಲಿನ ‘ಆಂದೊನ್’ ಎಂಬ ದೀಪದ ಫಲಕದಲ್ಲಿ ಆ ಜಾಗದ ಸಂಖ್ಯೆ ಬೆಳಗಿ, ತಂಡದ ಮುಖ್ಯಸ್ಥ ಓಡಿ ಬರುತ್ತಾನೆ; ನಿಗದಿಯಾದ ಗಡಿಯೊಳಗೆ ತೊಡಕು ಬಗೆಹರಿಯದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಅಮೆರಿಕದ ಕಾರ್ಖಾನೆಗಳಲ್ಲಿ ಸಾಲನ್ನು ನಿಲ್ಲಿಸುವ ಅಧಿಕಾರ ಮೇಲಧಿಕಾರಿಗಳದ್ದಾಗಿದ್ದ ಕಾಲದಲ್ಲಿ ಇದು ದುಬಾರಿ ಹುಚ್ಚಾಟದಂತೆ ಕಂಡಿರಬೇಕು. ಆದರೆ ಈ ಪದ್ಧತಿಯನ್ನು ಬರಿಯ ಕಾರ್ಮಿಕ ಗೌರವದ ಕಥೆಯಾಗಿ ಓದುವುದೂ ಸರಿಯಲ್ಲ. 1972-73ರಲ್ಲಿ ಹಂಗಾಮಿ ಕಾರ್ಮಿಕನಾಗಿ ಟೊಯೊಟಾದಲ್ಲಿ ದುಡಿದ ಪತ್ರಕರ್ತ ಸತೋಶಿ ಕಮಾತಾ, ಉಸಿರಾಡಲೂ ಬಿಡುವಿಲ್ಲದ ಸಾಲಿನ ವೇಗವನ್ನೂ ಅದು ದೇಹಕ್ಕೆ ಮಾಡುವ ಗಾಸಿಯನ್ನೂ ಕುರಿತು ಬರೆದ ದಿನಚರಿ ಜಪಾನಿನಲ್ಲಿ ಬಹಳ ಚರ್ಚೆಯಾಯಿತು. ವ್ಯರ್ಥವೆಂದು ತೆಗೆದುಹಾಕಿದ ಕ್ಷಣಗಳಲ್ಲಿ ಕೆಲವು, ಕೆಲಸಗಾರನ ದಣಿವಾರುವ ಕ್ಷಣಗಳೂ ಆಗಿದ್ದವು.

ಹೊರದೇಶಗಳಲ್ಲಿ ಹೆಸರು ಬಂದದ್ದು ನಿಧಾನವಾಗಿ. ಜಪಾನಿನ ಹದಗೆಟ್ಟ ರಸ್ತೆಗಳಿಗೆಂದೇ ಗಟ್ಟಿಯಾಗಿ ಕಟ್ಟಿದ 1955ರ ಕ್ರೌನ್ ಕಾರು ಅಮೆರಿಕದ ಹೆದ್ದಾರಿಗಳಲ್ಲಿ ಕಾದು, ಅದುರಿ, ಏದುಸಿರು ಬಿಟ್ಟಿತು. 1958ರಲ್ಲಿ ಅಲ್ಲಿ ಮಾರಾಟವಾದದ್ದು 287 ಕ್ರೌನ್ ಕಾರುಗಳು ಮತ್ತು ಒಂದು ಲ್ಯಾಂಡ್ ಕ್ರೂಸರ್. ಕಾರಿನ ರಫ್ತನ್ನು ಕೆಲಕಾಲ ನಿಲ್ಲಿಸಿದ ಕಂಪನಿ, ಹೆದ್ದಾರಿಗೆ ತಕ್ಕಂತೆ ತಯಾರಿಸಿದ ಕೊರೊನಾದೊಂದಿಗೆ 1965ರಲ್ಲಿ ಮರಳಿತು. ಮರುವರ್ಷ ಬಂದ ಕೊರೊಲಾ ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಕಾರಿನ ಹೆಸರಾಗಿ ಬೆಳೆಯಿತು. 1973ರ ತೈಲ ಬಿಕ್ಕಟ್ಟಿನಲ್ಲಿ ಕಡಿಮೆ ಪೆಟ್ರೋಲು ಕುಡಿಯುವ ಸಣ್ಣ ಕಾರುಗಳಿಗೆ ಬೇಡಿಕೆ ಕುದುರಿದಾಗ ಅದಕ್ಕೆ ತಕ್ಕ ಸರಕು ಟೊಯೊಟಾದಲ್ಲಿ ಸಿದ್ಧವಿತ್ತು. ಈ ತಯಾರಿಕೆಯ ಪದ್ಧತಿ ಜಪಾನೀಯರ ಸ್ವಭಾವಕ್ಕೆ ಮಾತ್ರ ಒಗ್ಗುವಂಥದ್ದೆಂಬ ವಾದವನ್ನು ಕ್ಯಾಲಿಫೋರ್ನಿಯದ ಫ್ರೀಮಾಂಟ್ ಕಾರ್ಖಾನೆ ಸುಳ್ಳಾಗಿಸಿತು: ಗೈರುಹಾಜರಿಗೂ ಜಗಳಕ್ಕೂ ಕುಖ್ಯಾತವಾಗಿ 1982ರಲ್ಲಿ ಜನರಲ್ ಮೋಟಾರ್ಸ್ ಮುಚ್ಚಿದ್ದ ಅದನ್ನು 1984ರಲ್ಲಿ ಎರಡೂ ಕಂಪನಿಗಳು ಸೇರಿ ತೆರೆದಾಗ, ಬಹುಮಟ್ಟಿಗೆ ಅದೇ ಕಾರ್ಮಿಕರು ಜಪಾನಿಗೆ ಸರಿಗಟ್ಟುವ ಕಾರುಗಳನ್ನು ತಯಾರಿಸಿದರು.

ಪದ್ಧತಿಯ ದೌರ್ಬಲ್ಯವನ್ನೂ ಬಲವನ್ನೂ ಒಟ್ಟಿಗೆ ತೋರಿಸಿದ ಘಟನೆ 1997ರ ಫೆಬ್ರುವರಿ 1ರಂದು ಕರಿಯಾದಲ್ಲಿ ನಡೆಯಿತು. ಟೊಯೊಟಾ ಕಾರುಗಳ ಬ್ರೇಕಿನಲ್ಲಿ ಹಿಂದಿನ ಗಾಲಿಗಳಿಗೆ ಹೋಗುವ ಒತ್ತಡವನ್ನು ಹದಗೊಳಿಸುವ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಕವಾಟವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಒದಗಿಸುತ್ತಿದ್ದ ಐಸಿನ್ ಕಂಪನಿಯ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ದಾಸ್ತಾನು ಕೆಲವು ಗಂಟೆಗಳಿಗೆ ಸಾಲುವಷ್ಟೇ ಇದ್ದುದರಿಂದ ಜಪಾನಿನಲ್ಲಿ ಟೊಯೊಟಾದ ಜೋಡಣೆ ಬಹುತೇಕ ನಿಂತುಹೋಯಿತು. ಆದರೆ ಕವಾಟವನ್ನು ಹಿಂದೆಂದೂ ತಯಾರಿಸದ ಹತ್ತಾರು ಕಂಪನಿಗಳು, ಹೊಲಿಗೆ ಯಂತ್ರ ತಯಾರಿಸುವ ಕಂಪನಿಯೊಂದೂ ಸೇರಿದಂತೆ, ನಕ್ಷೆಗಳನ್ನು ಹಂಚಿಕೊಂಡು ತಮ್ಮ ತಮ್ಮ ಯಂತ್ರಗಳಲ್ಲಿ ಅದನ್ನು ಕಡೆದು ಕೊಟ್ಟದ್ದರಿಂದ ಸುಮಾರು ಒಂದು ವಾರದಲ್ಲಿ ಕಾರ್ಖಾನೆಗಳು ಮತ್ತೆ ಓಡತೊಡಗಿದವು.

2008ರಲ್ಲಿ ಮಾರಾಟದಲ್ಲಿ ಜನರಲ್ ಮೋಟಾರ್ಸ್ ಅನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೇರಿದ ಕಂಪನಿಗೆ ಅತಿ ದೊಡ್ಡ ಪೆಟ್ಟು ಬಿದ್ದದ್ದು ಅದರ ಬೆನ್ನಿಗೇ. ಕಾರು ತಾನಾಗಿ ವೇಗ ಪಡೆಯುತ್ತದೆಂಬ ದೂರುಗಳು ಅಮೆರಿಕದಲ್ಲಿ ಹೆಚ್ಚಿ, 2009-10ರಲ್ಲಿ ಲಕ್ಷಾಂತರ ವಾಹನಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಸಬೇಕಾಯಿತು. ಕಾಲಡಿಯ ಹಾಸು ಪೆಡಲಿಗೆ ಸಿಕ್ಕಿಕೊಳ್ಳುವುದು ಮತ್ತು ಪೆಡಲೇ ಅಂಟಿಕೊಳ್ಳುವುದು ಕಾರಣಗಳೆಂದು ತಿಳಿಯಿತು. ನಾಸಾ ಸಂಸ್ಥೆಯ ಎಂಜಿನಿಯರುಗಳು ನಡೆಸಿದ ಪರೀಕ್ಷೆಯಲ್ಲಿ ಎಲೆಕ್ಟ್ರಾನಿಕ್ ದೋಷ ಕಂಡುಬರಲಿಲ್ಲ. ಆದರೂ ತಿಳಿದ ದೋಷವನ್ನು ಗಿರಾಕಿಗಳಿಂದ ಮರೆಮಾಚಿದ ಆರೋಪದಲ್ಲಿ ಕಂಪನಿ 2014ರಲ್ಲಿ 120 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. ಕಿಚಿರೊ ಅವರ ಮೊಮ್ಮಗ, ಆಗಿನ ಅಧ್ಯಕ್ಷ ಅಕಿಯೊ ಟೊಯೊಡಾ 2010ರ ಫೆಬ್ರುವರಿಯಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ, ಕಂಪನಿ ಬೆಳೆದ ವೇಗಕ್ಕೆ ಸರಿಯಾಗಿ ಜನರನ್ನು ಪಳಗಿಸಲಾಗಲಿಲ್ಲವೆಂದು ಒಪ್ಪಿಕೊಂಡರು. ಮುಂದೆ 2023ರ ಡಿಸೆಂಬರಿನಲ್ಲಿ ಅಂಗಸಂಸ್ಥೆ ದೈಹತ್ಸು ಸುರಕ್ಷತಾ ಪರೀಕ್ಷೆಗಳಲ್ಲಿ ದಶಕಗಳಿಂದ ಅಕ್ರಮ ನಡೆಸಿಕೊಂಡು ಬಂದದ್ದು ಬಯಲಾಗಿ, ಅದು ತನ್ನ ಎಲ್ಲ ವಾಹನಗಳ ರವಾನೆಯನ್ನು ತಡೆಹಿಡಿಯಿತು. ಜೋಡಣಾ ಸಾಲಿನ ಕೆಲಸಗಾರನಿಗೆ ಇದ್ದ ಹಗ್ಗ, ಗಡುವಿನ ಒತ್ತಡದಲ್ಲಿದ್ದ ಪರೀಕ್ಷಾ ವಿಭಾಗದವರ ಕೈಗೆ ಸಿಕ್ಕಿರಲಿಲ್ಲ.

ಕರ್ನಾಟಕಕ್ಕೆ ಈ ಮನೆತನದ ಉದ್ಯಮ ಬಂದದ್ದು ಕೂಡ ಜವಳಿ ಯಂತ್ರದ ಹಾದಿಯಲ್ಲಿಯೇ. 1995ರಲ್ಲಿ ಕಿರ್ಲೋಸ್ಕರ್ ಸಮೂಹದೊಂದಿಗೆ ಸೇರಿ ನೂಲುವ ಯಂತ್ರಗಳ ಕಂಪನಿ ಬೆಂಗಳೂರಿನ ಬಳಿ ಸ್ಥಾಪನೆಯಾಯಿತು. 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಹುಟ್ಟಿ, 1999ರ ಕೊನೆಗೆ ಬಿಡದಿಯ ಕಾರ್ಖಾನೆ ಕೆಲಸ ಆರಂಭಿಸಿತು. ಇಂಡೊನೇಷ್ಯಾದ ಕಿಜಾಂಗ್ ವಾಹನವನ್ನು ಆಧರಿಸಿದ ಕ್ವಾಲಿಸ್ 2000ದಲ್ಲಿ ಬಂದಾಗ ಅದರ ಚೌಕಟ್ಟಾದ ಹಳೆಯ ರೂಪವನ್ನು ಮೂದಲಿಸಿದವರುಂಟು. ಆದರೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ನೌಕರರನ್ನು ಹಗಲಿರುಳು ಸಾಗಿಸುವ ಟ್ಯಾಕ್ಸಿ ಮಾಲೀಕರಿಗೆ ಬೇಕಾಗಿದ್ದದ್ದು ಗ್ಯಾರೇಜಿನಲ್ಲಿ ನಿಲ್ಲದೆ ದುಡಿಯುವ ಗಾಡಿ; ಕ್ವಾಲಿಸ್‌ಗೂ 2005ರಲ್ಲಿ ಅದರ ಜಾಗಕ್ಕೆ ಬಂದ ಇನೋವಾಕ್ಕೂ ರಾಜ್ಯದಲ್ಲಿ ಹೆಸರು ತಂದವರು ಬಹುಮಟ್ಟಿಗೆ ಅವರೇ. 2007ರಲ್ಲಿ ಬಿಡದಿಯಲ್ಲಿ ತೆರೆದ ತಾಂತ್ರಿಕ ತರಬೇತಿ ಸಂಸ್ಥೆ ಹತ್ತನೆಯ ತರಗತಿ ಮುಗಿಸಿದ, ಹೆಚ್ಚಾಗಿ ಹಳ್ಳಿಗಾಡಿನ ಬಡ ಕುಟುಂಬಗಳ ವಿದ್ಯಾರ್ಥಿಗಳನ್ನು ಈ ಕೆಲಸದ ಶಿಸ್ತಿಗೆ ಸಿದ್ಧಪಡಿಸುತ್ತ ಬಂದಿದೆ. ಆ ಶಿಸ್ತಿನ ಇನ್ನೊಂದು ಮುಖವೂ ಇಲ್ಲಿ ಕಂಡಿತು: 2020ರ ನವೆಂಬರಿನಲ್ಲಿ ಕೆಲಸದ ಹೊರೆ ಹೆಚ್ಚಿತೆಂದು ಕಾರ್ಮಿಕ ಸಂಘವೂ ಅಶಿಸ್ತೆಂದು ಆಡಳಿತ ವರ್ಗವೂ ಪಟ್ಟು ಹಿಡಿದು ಆರಂಭವಾದ ಮುಷ್ಕರ ಮತ್ತು ಬೀಗಮುದ್ರೆ ಮುಗಿದದ್ದು ಮರುವರ್ಷದ ಮಾರ್ಚಿನಲ್ಲಿ.

ಒಂದೇ ನೇಕಾರಿಕೆಯ ಸೀಮೆಯಿಂದ ಬಂದ ಟೊಯೊಟಾ ಮತ್ತು ಸುಜುಕಿ ಭಾರತದಲ್ಲಿ ಪರಸ್ಪರರ ಕಾರುಗಳನ್ನು ತಯಾರಿಸಿಕೊಡುತ್ತಿವೆ. 2019ರಿಂದ ಟೊಯೊಟಾ, ಮಾರುತಿ ಸುಜುಕಿಯ ಬಲೆನೊ ಕಾರನ್ನು ಗ್ಲಾಂಜಾ ಎಂಬ ಹೆಸರಿನಲ್ಲಿ ತನ್ನ ಲಾಂಛನ ಅಂಟಿಸಿ ಮಾರುತ್ತಿದೆ. ಅದು ತಯಾರಾಗುವುದು ಗುಜರಾತಿನಲ್ಲಿರುವ ಸುಜುಕಿ ಕಾರ್ಖಾನೆಯಲ್ಲಿ. ಪ್ರತಿಯಾಗಿ, ಮಾರುತಿಯ ಗ್ರ್ಯಾಂಡ್ ವಿಟಾರಾ 2022ರಿಂದ ಬಿಡದಿಯಲ್ಲಿ ಟೊಯೊಟಾದ ಹೈರೈಡರ್ ಜೊತೆಯಲ್ಲಿಯೇ ತಯಾರಾಗಿ, ಬೇರೆ ಮುಖವಾಡ, ಬೇರೆ ಲಾಂಛನ ತೊಟ್ಟು, ಮಾರುತಿಯ ಮಳಿಗೆಗಳಿಗೆ ಹೋಗುತ್ತದೆ.