ಹಾಲುತೊಂಡೆಯಿಂದ ತೇಗದ ತೋಪಿಗೆ

ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಕಡೆ ರೇಷ್ಮೆ ಸಾಕುವ ಮನೆಗಳಲ್ಲಿ ಹೆಸರೆತ್ತಿದರೇ ಎದೆ ನಡುಗಿಸುವ ಬೇನೆಯೊಂದುಂಟು: ಹಾಲುತೊಂಡೆ. ಹುಳು ಮೇವು ಬಿಟ್ಟು, ಮೈ ಊದಿ, ತಟ್ಟೆಯ ಅಂಚಿನಲ್ಲಿ ಅಲೆಯತೊಡಗುತ್ತದೆ. ತೊಗಲು ಹರಿದರೆ ಹಾಲಿನಂಥ ರಸ ಒಸರುತ್ತದೆ. ವಾರಗಳ ದುಡಿಮೆ ಮಣ್ಣುಪಾಲಾಗುತ್ತದೆ. ಇಂಥ ಮಾರಿಯ ದಾಯಾದಿಯೇ ಕಾಡಿಗೆ ಕಾವಲಾಗಬಲ್ಲದೆಂದರೆ ನಂಬುವುದು ಕಷ್ಟ. ಆದರೆ ಇತಿಹಾಸ ಹೇಳುವುದು ಹಾಗೆಯೇ.

ಈ ರೋಗವನ್ನು ಬಣ್ಣಿಸಿದ ಮೊದಲಿಗರಲ್ಲಿ ಒಬ್ಬ ಕವಿಯಿದ್ದಾನೆಂಬುದು ಸಾಹಿತ್ಯಾಸಕ್ತರಿಗೆ ಪ್ರಿಯವಾದೀತು. ಇಟಲಿಯ ವೀಡಾ 1527ರಲ್ಲಿ ರೇಷ್ಮೆಹುಳುವನ್ನು ಕುರಿತು ಪ್ರಕಟಿಸಿದ ಲ್ಯಾಟಿನ್ ಕಾವ್ಯದಲ್ಲಿ ಇದರ ಲಕ್ಷಣಗಳಿವೆ. 1856ರಲ್ಲಿ ಮಾಯೆಸ್ತ್ರಿ, ಕೊರ್ನಾಲಿಯಾ ಎಂಬಿಬ್ಬರು ರೋಗಿಷ್ಠ ಹುಳುಗಳಲ್ಲಿ ಬಹುಮುಖದ ಹರಳುಗಳನ್ನು ಸೂಕ್ಷ್ಮದರ್ಶಕದಿಂದ ಕಂಡರು. ಹರಳಿನೊಳಗೆ ದಂಡಾಕಾರದ ವೈರಸ್ ಅಡಗಿದೆಯೆಂದು ಬೆರ್ಗೋಲ್ಡ್ ತೋರಿಸಿದ್ದು 1947ರಲ್ಲಿ. ಎಲೆಯೊಡನೆ ಹೊಟ್ಟೆ ಸೇರಿದ ಹರಳು ಅಲ್ಲಿಯ ಕ್ಷಾರರಸದಲ್ಲಿ ಕರಗುತ್ತದೆ. ವೈರಸ್ಸು ಜೀವಕೋಶದ ನ್ಯೂಕ್ಲಿಯಸ್ಸನ್ನು ಹೊಕ್ಕು ಬೆಳೆಯುತ್ತದೆ.

ಜರ್ಮನಿಯ ಸೂಚಿಪರ್ಣ ಕಾಡುಗಳಲ್ಲಿ ಪತಂಗದ ಹುಳುಗಳು ಮರದ ತುದಿಗೇರಿ, ತಲೆಕೆಳಗಾಗಿ ಜೋತು ಸಾಯುತ್ತಿದ್ದುದನ್ನು ಅರಣ್ಯಾಧಿಕಾರಿಗಳು ಗಮನಿಸಿದ್ದರು. ಆ ರೋಗವನ್ನು ಬೇಕೆಂದೇ ಹಬ್ಬಿಸುವ ಪ್ರಯತ್ನ 1892ರಲ್ಲೇ ನಡೆಯಿತು. ಅಮೆರಿಕದಲ್ಲಿ ಜಿಪ್ಸಿ ಪತಂಗದ ವಿರುದ್ಧ ವೈರಸ್ಸಿನ ಔಷಧ ನೋಂದಣಿಯಾದದ್ದು 1978ರಲ್ಲಿ. ನಮ್ಮ ನೆರೆಯ ಕೇರಳದಲ್ಲಿ, ತೇಗದ ಎಲೆ ತಿನ್ನುವ ಹುಳುವಿನಿಂದ ಎಳೆಯ ತೋಪುಗಳ ಬೆಳವಣಿಗೆಯಲ್ಲಿ ಶೇಕಡಾ 44ರಷ್ಟು ನಷ್ಟವೆಂದು ಅಲ್ಲಿಯ ಅರಣ್ಯ ಸಂಶೋಧನಾ ಸಂಸ್ಥೆ ಲೆಕ್ಕ ಹಾಕಿತು. ಆ ಹುಳುವನ್ನು ಕೊಲ್ಲುವ ವೈರಸ್ಸನ್ನು ಅದೇ ಸಂಸ್ಥೆಯವರು 1988ರಲ್ಲಿ ವರದಿ ಮಾಡಿದರು. ಬೆಂಗಳೂರಿನಲ್ಲಂತೂ ಜೈವಿಕ ಹತೋಟಿಯ ಅಧ್ಯಯನ ಹಳೆಯದು. ಕಾಮನ್‌ವೆಲ್ತ್ ಸಂಸ್ಥೆಯ ಭಾರತೀಯ ಕೇಂದ್ರ ಇಲ್ಲಿ 1957ರಲ್ಲಿ ಆರಂಭವಾಯಿತು.

ನಮ್ಮ ಸೀಮೆಗೆ ಇದರಲ್ಲಿ ಒಂದು ವಿಶೇಷ ಹಿತವಿದೆ. ಹೊಸಕೋಟೆಯ ಕಡೆ ಟೊಮ್ಯಾಟೊ ಹೊಲದ ಬದುವಿನಾಚೆಗೇ ಹಿಪ್ಪುನೇರಳೆ ತೋಟವಿರಬಹುದು. ಕೀಟನಾಶಕ ಗಾಳಿಯಲ್ಲಿ ತೂರಿ ಬಂದರೆ ಕಾಯಿಕೊರಕದೊಡನೆ ರೇಷ್ಮೆಹುಳುವೂ ಸಾಯುತ್ತದೆ. ಜೈವಿಕವೆಂದು ಹೆಸರಾದ ಬಿಟಿ ಬ್ಯಾಕ್ಟೀರಿಯವೂ ಇದಕ್ಕೆ ಹೊರತಲ್ಲ. 1901ರಲ್ಲಿ ಜಪಾನಿನ ಇಶಿವಾಟ ಅದನ್ನು ಕಂಡದ್ದೇ ರೇಷ್ಮೆಹುಳುವಿನಲ್ಲಿ. ಕಾಯಿಕೊರಕದ ವೈರಸ್ಸಾದರೋ ತನ್ನ ಹುಳುವನ್ನೂ ಅದರ ಹತ್ತಿರದ ಬಂಧುಗಳನ್ನೂ ಬಿಟ್ಟು ಬೇರೆಯದನ್ನು ಮುಟ್ಟದು.

ದೋಷಗಳೂ ಇವೆ. ಅದು ಕೊಲ್ಲಲು ದಿನಗಳು ಬೇಕು, ಬಿಸಿಲಿಗೆ ಬೇಗ ಸತ್ತ್ವಗುಂದುತ್ತದೆ, ತಯಾರಿಕೆಗೆ ಜೀವಂತ ಹುಳುಗಳನ್ನೇ ಸಾಕಬೇಕು. ಆದ್ದರಿಂದ ಅವಸರದ ರೈತನಿಗೆ ರುಚಿಸದು. ಆದರೂ ನೆರೆಯವನ ಮನೆಯ ತಟ್ಟೆಯನ್ನು ಬರಿದುಮಾಡದೆ ತನ್ನ ಬೆಳೆ ಉಳಿಸಿಕೊಳ್ಳಬಯಸುವವನು ಆ ತಡವನ್ನು ಸಹಿಸಿಯಾನು.