ಗಾಳಿಯಂತ್ರದ ಸದ್ದಿನ ಗಣಿತ: ಚಿತ್ರದುರ್ಗ ಸೀಮೆಯ ಹಿನ್ನೆಲೆಯಲ್ಲಿ

ಏಳುಸುತ್ತಿನ ಕೋಟೆಗೆ ಆಶ್ರಯವಿತ್ತ ಚಿತ್ರದುರ್ಗ ಸೀಮೆಯ ಗುಡ್ಡಸಾಲುಗಳು 2000ದ ದಶಕದಲ್ಲಿ ಗಾಳಿಯಂತ್ರಗಳ ನೆಲೆಯೂ ಆದವು. ಜೋಗಿಮಟ್ಟಿಯ ಸುತ್ತಿನಲ್ಲಿಯೂ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿಯೂ ಅವು ಸಾಲುಗಟ್ಟಿ ನಿಂತವು. ಈ ಉದ್ಯಮಕ್ಕೆ ಹೊಗೆಯಿಲ್ಲ, ಆದರೆ ಸದ್ದುಂಟು. ಯಂತ್ರವನ್ನು ನೆಡುವ ಮೊದಲೇ ಆ ಸದ್ದನ್ನು ಎಣಿಸುವ ವಿದ್ಯೆಯ ಬೆಳವಣಿಗೆ ಈ ಸೀಮೆಯ ಮಟ್ಟಿಗೆ ವಿಚಾರಣೀಯವಾಗಿದೆ.

ಪ್ರಕ್ಷುಬ್ಧ ಗಾಳಿಯೇ ಸದ್ದನ್ನು ಹುಟ್ಟಿಸುವ ಬಗೆಯನ್ನು 1952ರಲ್ಲಿ ಬ್ರಿಟನ್ನಿನ ಜೇಮ್ಸ್ ಲೈಟ್‌ಹಿಲ್ ಸಮೀಕರಣಗಳಲ್ಲಿ ನಿರೂಪಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎಲ್. ಮುಂಜಾಲ್ ಅವರು ಯಂತ್ರಗಳ ಕೊಳವೆ ಮತ್ತು ಸದ್ದಡಗಿಸುವ ಸಾಧನಗಳ ಧ್ವನಿಗಣಿತವನ್ನು 1987ರ ಗ್ರಂಥದಲ್ಲಿ ವಿವರಿಸಿದರು. 1989ರ ನಾಸಾ ವರದಿಯಲ್ಲಿ ಬ್ರೂಕ್ಸ್, ಪೋಪ್ ಮತ್ತು ಮಾರ್ಕೊಲಿನಿ ಅವರು ರೆಕ್ಕೆಯ ಅಂಚಿನಿಂದ ಹೊಮ್ಮುವ ಸದ್ದಿಗೆ ಸೂತ್ರಗಳನ್ನು ರಚಿಸಿದರು. ಸದ್ದು ಕೇಳುಗನನ್ನು ತಲುಪುವ ಹಾದಿಯ ಲೆಕ್ಕಕ್ಕೆ 1996ರಲ್ಲಿ ಐಎಸ್‌ಒ 9613-2 ಎಂಬ ಅಂತರರಾಷ್ಟ್ರೀಯ ಮಾನದಂಡ ದೊರೆಯಿತು.

ಲೆಕ್ಕದ ತಿರುಳು ಸರಳವಾದುದು: ದೂರ ಇಮ್ಮಡಿಯಾದಂತೆ ಸದ್ದು 6 ಡೆಸಿಬೆಲ್‌ನಷ್ಟು ಇಳಿಯುತ್ತದೆ. 105 ಡೆಸಿಬೆಲ್ ಧ್ವನಿಶಕ್ತಿಯ ಒಂದು ಯಂತ್ರದ ಸದ್ದು, ಹರಡುವಿಕೆಯನ್ನಷ್ಟೇ ಎಣಿಸಿದರೆ, 500 ಮೀಟರಿನಲ್ಲಿ ಸುಮಾರು 40 ಡೆಸಿಬೆಲ್. ಅಷ್ಟೇ ದೂರದಲ್ಲಿ ಅಂಥ ನಾಲ್ಕು ಯಂತ್ರಗಳಿದ್ದರೆ ಅದು 46ಕ್ಕೇರುತ್ತದೆ. ಭಾರತದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶದ ರಾತ್ರಿಗೆ ವಿಧಿಸಿದ ಮಿತಿ 45. ಯಂತ್ರಕ್ಕೂ ಮನೆಗೂ 500 ಮೀಟರ್ ಅಂತರವಿರಬೇಕೆಂಬ 2016ರ ಕೇಂದ್ರ ಮಾರ್ಗಸೂಚಿಯನ್ನು ಪಾಲಿಸಿದರೂ, ಸಾಲಾಗಿ ನಿಂತ ಯಂತ್ರಗಳ ಒಟ್ಟು ಸದ್ದು ಮಿತಿ ಮೀರಬಲ್ಲುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ನೆಲವೂ ಗಾಳಿಯೂ ಹೀರುವ ಪಾಲು ಈ ಅಂಕಿಯನ್ನು ತುಸು ತಗ್ಗಿಸಬಹುದು.

ಗುಡ್ಡಗಾಡಿನಲ್ಲಿ ತೊಡಕು ಇನ್ನೂ ಹೆಚ್ಚು. 1996ರ ಮಾನದಂಡವು ತನ್ನ ನಿಖರತೆಯನ್ನು, ಅಂದರೆ 3 ಡೆಸಿಬೆಲ್ ಹೆಚ್ಚುಕಡಿಮೆಯನ್ನು, 30 ಮೀಟರಿನೊಳಗಿನ ಸರಾಸರಿ ಎತ್ತರಕ್ಕೂ 1000 ಮೀಟರಿನವರೆಗಿನ ದೂರಕ್ಕೂ ಮಾತ್ರ ಹೇಳಿತ್ತು. ಯಂತ್ರ ಗುಡ್ಡದ ನೆತ್ತಿಯಲ್ಲಿ, ಊರು ತಪ್ಪಲಿನಲ್ಲಿ ಇರುವಾಗ ಸದ್ದಿನ ಹಾದಿ ಈ ಎತ್ತರವನ್ನು ಸುಲಭವಾಗಿ ಮೀರುತ್ತದೆ. ನಡುವೆ ಕಣಿವೆ ಬಂದರೆ ನೆಲವು ಸದ್ದನ್ನು ಹೀರುವುದು ಕಡಮೆ. ಆದ್ದರಿಂದಲೇ 2013ರ ಬ್ರಿಟಿಷ್ ಕೈಪಿಡಿಯೊಂದು ಅಂಥಲ್ಲಿ 3 ಡೆಸಿಬೆಲ್ ಕೂಡಿಸಲು ಸೂಚಿಸಿತು. ಇರುಳಲ್ಲಿ ನೆಲದ ಮಟ್ಟದ ಗಾಳಿ ಅಡಗಿದರೂ ಮೇಲೆ ರೆಕ್ಕೆ ತಿರುಗುತ್ತಲೇ ಇರುವುದರಿಂದ, ಸದ್ದನ್ನು ಮರೆಸುವ ಮರಗಿಡಗಳ ಮರ್ಮರವೂ ಇಲ್ಲವಾಗುತ್ತದೆ.

ಒಂದೇ ಯಂತ್ರದ, ಸಮತಟ್ಟು ನೆಲದ ಎಣಿಕೆಯು ಈ ಸೀಮೆಗೆ ಸಾಲದು. ಇಡೀ ಸಾಲನ್ನೂ ಕಣಿವೆಯನ್ನೂ ಇರುಳನ್ನೂ ಒಳಗೊಂಡು, ಯಂತ್ರ ನೆಟ್ಟ ಬಳಿಕ ತಪ್ಪಲಿನ ಅಂಗಳದಲ್ಲಿ ಅಳೆದು ಒಪ್ಪಿಸಿದ ಲೆಕ್ಕವೇ ಇಲ್ಲಿ ಪ್ರಮಾಣವೆನಿಸುತ್ತದೆ.